ಲಿಪಿಕಾರನ ಪ್ರಮಾದವೆಂಬ ಉಪಮೆ

ಡಿ.ಎನ್.ಎ.ಯಲ್ಲುಂಟಾಗುವ ಉತ್ಪರಿವರ್ತನೆಯನ್ನು ಲಿಪಿಕಾರನ ಪ್ರಮಾದಕ್ಕೆ ಹೋಲಿಸುವುದು ವಿಜ್ಞಾನಲೇಖಕರಲ್ಲಿ ರೂಢಿಯಾಗಿದೆ. ಪ್ರಕಾರಗಳ ಮಟ್ಟಿಗೆ ಈ ಉಪಮೆ ಸಮಂಜಸವೇ ಸರಿ. ಒಂದಕ್ಷರಕ್ಕೆ ಬದಲಾಗಿ ಮತ್ತೊಂದು ಬೀಳುವುದು, ಅಕ್ಷರಲೋಪ, ಅಧಿಕಾಕ್ಷರ ಇವೆಲ್ಲ ಗ್ರಂಥಸಂಪಾದಕರಿಗೆ ಪರಿಚಿತವಾದುವೇ. ಮೂರಕ್ಷರಕ್ಕೊಂದು ಪದವಾಗಿ ಓದಿಸಿಕೊಳ್ಳುವ ಆ ಲಿಪಿಯಲ್ಲಿ ಒಂದಕ್ಷರವು ಲೋಪವಾದರೆ, ಮಾತ್ರೆ ತಪ್ಪಿದ ಷಟ್ಪದಿಯ ಗಣವಿಭಾಗದಂತೆ, ಮುಂದಿನ ಪದಚ್ಛೇದವೆಲ್ಲ ಕೆಡುವುದು.

ಕಾರಣದ ವಿಷಯದಲ್ಲಿಯಾದರೋ ಉಪಮೆಯು ದಾರಿತಪ್ಪಿಸುತ್ತದೆ. ನಕಲಿನಲ್ಲಿ ತಾನಾಗಿ ನುಸುಳುವ ದೋಷಗಳುಂಟು, ದಿಟ. ಮೂಲಪ್ರತಿಯೇ ಹೊರಗಿನ ಕಾರಣದಿಂದ ಕೆಡುವುದೂ ಉಂಟು. ಕ್ಷಕಿರಣಗಳಿಂದ ಹಣ್ಣಿನ ನೊಣಗಳಲ್ಲಿ ಉತ್ಪರಿವರ್ತನೆಗಳು ಹೆಚ್ಚುವುದನ್ನು ಮುಲ್ಲರನು 1927ರಲ್ಲಿಯೇ ತೋರಿಸಿದನು. ಚಿಕ್ಕೋಡಿ ಸೀಮೆಯವರಿಗೆ ಅಷ್ಟು ದೂರ ಹೋಗಬೇಕಾದುದಿಲ್ಲ. ನಿಪ್ಪಾಣಿಯು ತಂಬಾಕಿನ ಪೇಟೆಯೆಂದು ಹೆಸರಾದ ಊರು. ಬೀಡಿಯ ಹೊಗೆಯಲ್ಲಿರುವ ಬೆಂಜೋಪೈರೀನು ದೇಹದೊಳಗೆ ಮಾರ್ಪಟ್ಟು ಗ್ವಾನಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ನಕಲಾಗುತ್ತ ಆ ಸ್ಥಾನದಲ್ಲಿ ಥೈಮಿನ್ ನಿಲ್ಲುವುದುಂಟು. ಧೂಮಪಾನಿಗಳ ಶ್ವಾಸಕೋಶದ ಅರ್ಬುದದಲ್ಲಿ ಈ ಪಾಠಾಂತರವು ವಿಶೇಷವಾಗಿ ಕಂಡುಬರುತ್ತದೆ. ಇದನ್ನೂ ಕೈತಪ್ಪೆಂದು ಬೋಧಿಸಿದರೆ ತಡೆಯಬಹುದಾದ ಕೇಡನ್ನು ವಿಧಿಯ ತಲೆಗೆ ಕಟ್ಟಿದಂತಾಗುತ್ತದೆ.

‘ವಿಕೃತಿ’ ಎಂಬ ಪರ್ಯಾಯಪದವೂ ನಮಗೆ ಒಪ್ಪಿತವಲ್ಲ. ಕೇಡನ್ನೂ ಲಾಭವನ್ನೂ ಮಾಡದ ಉತ್ಪರಿವರ್ತನೆಗಳೇ ಬಹಳವಾಗಿರುವಾಗ, ಹೆಸರಿನಲ್ಲಿಯೇ ನಿಂದೆಯನ್ನಿಡುವುದು ಶಾಸ್ತ್ರಕ್ಕೆ ಸಲ್ಲದು.