ಬನಿಯನನ ಆತ್ಮಕಥೆಯಲ್ಲಿ ಗೀಳಿನ ಚಿತ್ರ

ಜಾನ್ ಬನಿಯನನ ಹೆಸರು ಕನ್ನಡಕ್ಕೆ ಹೊಸದಲ್ಲ. 1846ರಲ್ಲಿ ನಮ್ಮ ಕೆತ್ತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರೇ ಆತನ ರೂಪಕಕಥೆಯನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಿಸಿದರು. ಆತನ ಆತ್ಮಕಥೆಯಾದ ‘ಗ್ರೇಸ್ ಅಬೌಂಡಿಂಗ್’ ಪ್ರಕಟವಾದುದು 1666ರಲ್ಲಿ. ಸೆರೆಮನೆಯಲ್ಲಿದ್ದಾಗ ಬರೆದ ಈ ಗ್ರಂಥವನ್ನು ಭಕ್ತನೊಬ್ಬನ ಆತ್ಮನಿವೇದನೆಯೆಂದು ಓದುವುದು ವಾಡಿಕೆ. ಇಂದಿನ ವೈದ್ಯರು ಒ.ಸಿ.ಡಿ. ಎಂದು ಕರೆಯುವ ಗೀಳುರೋಗಕ್ಕೆ ಸಿಕ್ಕಿದ ಮನಸ್ಸಿನ ದಿನಚರಿಯೆಂದೂ ಇದನ್ನು ಓದಬಹುದೆಂಬುದು ನಮ್ಮ ಅಭಿಪ್ರಾಯ.

ಒಂದು ಪ್ರಸಂಗವನ್ನು ನೋಡೋಣ. ಬನಿಯನನಿಗೆ ಚರ್ಚಿನ ಗಂಟೆ ಬಾರಿಸುವುದು ಬಲು ಪ್ರಿಯವಾಗಿತ್ತು. ಅದು ವ್ಯರ್ಥವಿನೋದವೆಂದು ತೋರಿ ಬಿಟ್ಟನು. ಆದರೂ ನೋಡಲು ಹೋಗುತ್ತಿದ್ದನು. ಗಂಟೆ ಕಳಚಿ ಬಿದ್ದರೇನು ಗತಿ ಎಂಬ ಯೋಚನೆ ಹುಟ್ಟಿತು. ತೊಲೆಯ ಕೆಳಗೆ ನಿಂತನು. ಗೋಡೆಗೆ ತಾಗಿ ಇತ್ತ ಪುಟಿದರೆ? ಬಾಗಿಲಿಗೆ ಸರಿದನು. ಗೋಪುರವೇ ಉರುಳಿದರೆ? ಅಲ್ಲಿಂದಲೂ ಓಡಿದನು. ಇಲ್ಲಿ ಅಲಂಕಾರವೊಂದೂ ಇಲ್ಲ; ಆದರೂ ಗೀಳಿನ ಸ್ವರೂಪವೆಲ್ಲ ಮೂಡಿದೆ. ಉಪಾಯವು ಸಂದೇಹವನ್ನು ಕ್ಷಣಕಾಲ ಅಡಗಿಸುತ್ತದೆ. ಅದು ಬೇರೊಂದು ರೂಪದಲ್ಲಿ ಮತ್ತೆ ತಲೆಯೆತ್ತುತ್ತದೆ. ಬೀಗವನ್ನು ಹತ್ತು ಸಲ ಎಳೆದು ನೋಡುವವನೂ, ಚರ್ಮ ಬಿರಿಯುವ ತನಕ ಕೈ ತೊಳೆಯುವವಳೂ ಇದೇ ಗೋಪುರದ ಕೆಳಗೆ ನಿಂತವರು.

ಇನ್ನೊಂದು ಭಾಗವು ಇದಕ್ಕಿಂತ ದಾರುಣವಾದುದು. ಕ್ರಿಸ್ತನನ್ನು ಮಾರಿಬಿಡು ಎಂಬ ಮಾತು ಸುಮಾರು ಒಂದು ವರ್ಷ ಕಾಲ ಆತನನ್ನು ಕಾಡಿತು. ಉಣ್ಣುವಾಗ, ಸೌದೆ ಕಡಿಯುವಾಗ, ಗುಂಡುಸೂಜಿಯೊಂದನ್ನು ಎತ್ತಿಕೊಳ್ಳಲು ಬಾಗಿದಾಗ ಕೂಡ ಅದೇ ಮಾತು. ಅದನ್ನು ನೂಕಲೆಂದು ಕೈಗಳಿಂದಲೂ ಮೊಳಕೈಗಳಿಂದಲೂ ಗಾಳಿಯನ್ನೇ ತಳ್ಳುತ್ತಿದ್ದನು. ಯಾವುದು ಪರಮಪ್ರಿಯವೋ ಅದಕ್ಕೇ ವಿರುದ್ಧವಾದ ಯೋಚನೆ ನುಗ್ಗುವುದು ಈ ಬೇನೆಯ ಕ್ರೌರ್ಯ. ನಮ್ಮ ಕಥೆ ನಾಟಕಗಳಲ್ಲಿ ಇಂಥವರು ‘ಮಡಿಯ ಹುಚ್ಚಿ’ನ ನಗೆಪಾತ್ರಗಳಾಗಿ ಬರುವುದುಂಟು. ಹೊರಗಿನಿಂದ ನೋಡಿದರೆ ನಗು. ಒಳಗಿನಿಂದ ಕಂಡರೆ ಸಂಕಟ. ಒಳಗಿನಿಂದ ಕಾಣಿಸಿದುದೇ ಬನಿಯನನ ಹೆಚ್ಚುಗಾರಿಕೆ.

ಆದರೆ ಆತನ ತೀರ್ಮಾನವನ್ನು ನಾವು ಒಪ್ಪಲಾರೆವು. ಆ ಯೋಚನೆಗಳನ್ನು ಆತನು ಸೈತಾನನ ಪ್ರೇರಣೆಯೆಂದೂ ತನ್ನ ಪಾಪವೆಂದೂ ಬಗೆದನು. ಅದು ಆ ಕಾಲದ ತಿಳಿವಳಿಕೆ. ಬೇಡದ ಯೋಚನೆಗಳು ಬಹುಮಂದಿಗೆ ಬಂದುಹೋಗುತ್ತವೆಂದು ಇಂದು ಬಲ್ಲೆವು. ರೋಗಿಗೆ ಅವು ಹೋಗವು. ಅವನ್ನು ಓಡಿಸಲು ಮಾಡುವ ಕ್ರಿಯೆಯೇ ಅವಕ್ಕೆ ಬಲವಾಗುತ್ತದೆ. ಆದುದರಿಂದ ಭಯವನ್ನು ಮೆಲ್ಲಮೆಲ್ಲನೆ ಎದುರಿಸುತ್ತ, ಆ ಕ್ರಿಯೆಯನ್ನು ತಡೆಹಿಡಿಯಲು ಕಲಿಸುವುದು ಚಿಕಿತ್ಸೆಯ ಒಂದು ಕ್ರಮ, ಔಷಧಗಳೂ ಉಂಟು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಈ ಬೇನೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ.

ಉಪಾಧ್ಯಾಯರಾದ ನಮಗೆ ಈ ಗ್ರಂಥದಿಂದ ಏನು ಪ್ರಯೋಜನವೆಂದು ಕೇಳಬಹುದು. ಒಮ್ಮೆ ನಾವು ಒಬ್ಬ ಬಾಲಕನ ಅಚ್ಚುಕಟ್ಟಾದ ಬರವಣಿಗೆಯನ್ನು ತರಗತಿಯ ಮುಂದೆ ಎತ್ತಿ ತೋರಿಸಿ ಹೊಗಳಿದೆವು. ಅದೇ ಪುಟವನ್ನು ಅಳಿಸಿ ಅಳಿಸಿ ಬರೆಯುತ್ತ ಆತನು ರಾತ್ರಿ ನಿದ್ದೆಗೆಡುತ್ತಿದ್ದನೆಂದು ತಾಯಿ ಹೇಳಿದಾಗ ನಾವು ತಲೆ ತಗ್ಗಿಸಿದೆವು. ಅಂಥ ಮಗುವಿಗೆ ಹೊಗಳಿಕೆಯೂ ಬೆತ್ತವೂ ಮದ್ದಲ್ಲ. ಬಂದ ಯೋಚನೆ ನಿನ್ನ ತಪ್ಪಲ್ಲವೆಂದು ಹೇಳುವವರು ಬೇಕು. ವೈದ್ಯರ ಬಳಿಗೆ ಕರೆದೊಯ್ಯುವವರು ಬೇಕು. ಬನಿಯನನಿಗೆ ಆ ಮಾತು ಹೇಳುವವರಿರಲಿಲ್ಲ. ನಮ್ಮ ಮಕ್ಕಳಿಗೆ ನಾವಿದ್ದೇವೆ.