ಆನೆ ಆವರಣ: ನೋಡುವವರಿಗೋ, ಆನೆಗೋ?

ಹಾಗಲವಾಡಿ, ಗುಬ್ಬಿ, ಕುಣಿಗಲ್ ಸೀಮೆಯ ರೈತರಿಗೆ ಆನೆ ಅಪರೂಪದ ಪ್ರಾಣಿಯೇನಲ್ಲ. ಬನ್ನೇರುಘಟ್ಟ, ಸಾವನದುರ್ಗದ ಕಾಡುಗಳಿಂದ ಹೊರಟ ಹಿಂಡು ಹಗಲೆಲ್ಲ ನಮ್ಮ ಕಡೆಯ ಕೆರೆಯಲ್ಲಿದ್ದು, ಕತ್ತಲಾದ ಮೇಲೆ ರಾಗಿ ಹೊಲಕ್ಕೆ ಇಳಿದದ್ದುಂಟು. ಬೆಳೆ ಕಳೆದುಕೊಂಡ ಸಂಕಟದ ನಡುವೆಯೂ ದಡದ ಮೇಲೆ ನಿಂತು ನೋಡಿದವರು ಒಂದನ್ನು ಬಲ್ಲರು. ಆನೆಯ ಸೊಂಡಿಲಿಗೆ ಬಿಡುವೇ ಇಲ್ಲ. ಹುಲ್ಲಿನ ಗಡ್ಡೆಯನ್ನು ಕಿತ್ತು, ಬೇರಿನ ಮಣ್ಣು ಉದುರಲೆಂದು ಮುಂಗಾಲಿಗೆ ಎರಡು ಸಲ ಬಡಿದು, ಆಮೇಲೆ ಬಾಯಿಗಿಡುತ್ತದೆ. ಕಾಡಾನೆಯ ದಿನದ ಬಹುಪಾಲು ಹೀಗೆ ಮೇವು ಹುಡುಕುವುದರಲ್ಲೇ ಕಳೆಯುತ್ತದೆ. ಮೃಗಾಲಯದ ಆನೆ ಆವರಣವನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ.

1892ರಲ್ಲಿ ಶುರುವಾದ ಮೈಸೂರು ಮೃಗಾಲಯ ಚೆಲುವಿಗೆ ಹೆಸರಾದದ್ದು. ಕಂಬಿಗಳ ಬದಲು ಕಂದಕ, ಸುತ್ತ ದೊಡ್ಡ ಮರಗಳು. ಪ್ರಾಣಿಗೂ ನಮಗೂ ನಡುವೆ ತಡೆಯೇ ಇಲ್ಲವೆನಿಸುವ ನೋಟ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾರ್ಲ್ ಹಾಗೆನ್‌ಬೆಕ್ ಜನಪ್ರಿಯಗೊಳಿಸಿದ ಮಾದರಿಯಿದು. ಪಂಜರಕ್ಕೆ ಹೋಲಿಸಿದರೆ ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಈ ಮಾದರಿ ಹುಟ್ಟಿದ್ದೇ ನೋಡುವವರ ಕಣ್ಣಿಗಾಗಿ. ಆನೆ ಮರದ ತೊಗಟೆ ಸುಲಿಯುತ್ತದೆ, ಕೊಂಬೆ ಮುರಿಯುತ್ತದೆ. ಆದ್ದರಿಂದ ಇಂಥ ಆವರಣಗಳಲ್ಲಿ ಹಸಿರು ಉಳಿಯಬೇಕೆಂದರೆ ಅದು ಸೊಂಡಿಲಿಗೆ ಸಿಗದಷ್ಟು ದೂರ ಇರಬೇಕು, ಇಲ್ಲವೇ ತಂತಿಯ ಆಚೆ. ನಮಗೆ ಕಾಡು ಕಾಣುತ್ತದೆ, ಆನೆಗೆ ಬಯಲಷ್ಟೇ ಸಿಗುತ್ತದೆ. ಮಾಡಲು ಏನೂ ಇಲ್ಲದ ಆನೆ ನಿಂತಲ್ಲೇ ತಲೆ ತೂಗತೊಡಗುತ್ತದೆ. ಮಕ್ಕಳಿಗೆ ಅದನ್ನು ‘ನೋಡು, ಆನೆ ಕುಣೀತಿದೆ’ ಎಂದು ತೋರಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಪರಿಹಾರ ದುಬಾರಿಯೇನಲ್ಲ. ಮೇವನ್ನು ಒಂದೇ ಕಡೆ ರಾಶಿ ಹಾಕದೆ ಎತ್ತರದ ಬಲೆಯಲ್ಲಿ, ಗೋಡೆಯ ತೂತುಗಳಲ್ಲಿ, ಮರಳಿನೊಳಗೆ ಹಂಚಿಟ್ಟರೆ ಆನೆ ಹುಡುಕುತ್ತದೆ, ನಡೆಯುತ್ತದೆ. ಕಾಂಕ್ರೀಟು ನೆಲ ಪಾದಗಳನ್ನು ಹಾಳುಮಾಡುತ್ತದೆ. ಮಣ್ಣು, ಮರಳು ಬೇಕು. ಮೈ ಉಜ್ಜಲು ದಪ್ಪ ದಿಮ್ಮಿ, ಹೊರಳಲು ಕೆಸರು, ಎರಚಿಕೊಳ್ಳಲು ಧೂಳಿನ ಗುಡ್ಡೆ. ‘ನೋಟ ಕೆಡುತ್ತದೆ’ ಎಂಬ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ. ಆನೆ ಇರುವ ಕಾಡು ಅಚ್ಚುಕಟ್ಟಾಗಿರುವುದೇ ಇಲ್ಲ. ಸಿಗಿದ ಕೊಂಬೆ, ಕಲಕಿದ ನೀರು, ತುಳಿದ ನೆಲವೇ ಅದರ ನಿಜವಾದ ರೂಪ.

2009ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ, ಮೃಗಾಲಯ ಮತ್ತು ಸರ್ಕಸ್‌ಗಳ ಆನೆಗಳನ್ನು ಅರಣ್ಯ ಇಲಾಖೆಯ ಶಿಬಿರಗಳಿಗೆ ಸಾಗಿಸಲು ಆದೇಶಿಸಿದ್ದರ ಹಿಂದೆ, ಆನೆಗೆ ಇಂಥ ಆವರಣ ಸಾಲದೆಂಬ ತಿಳಿವಳಿಕೆಯೇ ಇತ್ತು. ನಮ್ಮ ರಾಜ್ಯದಲ್ಲಿ ಮೃಗಾಲಯದ ಆವರಣಕ್ಕಿಂತ ಒಳ್ಳೆಯ ಪದ್ಧತಿ ಮೊದಲೇ ಇದೆ. ದುಬಾರೆ, ಸಕ್ರೆಬೈಲಿನಂಥ ಶಿಬಿರಗಳಲ್ಲಿ, ಬನ್ನೇರುಘಟ್ಟದಲ್ಲಿ ಕೂಡ, ಆನೆಗಳನ್ನು ರಾತ್ರಿ ಕಾಡಿಗೆ ಬಿಡುತ್ತಾರೆ. ಅವು ತಾವೇ ಮೇಯುತ್ತವೆ, ಕಾಡಾನೆಗಳೊಡನೆ ಬೆರೆತು ಮರಿಯನ್ನೂ ಹಾಕುತ್ತವೆ. ಬೆಳಿಗ್ಗೆ ಮಾವುತರು ನೆಲದ ಮೇಲೆ ಸರಪಳಿ ಎಳೆದ ಜಾಡು ಹಿಡಿದು ಹೋಗಿ ಕರೆತರುತ್ತಾರೆ. ಯಾವ ವಾಸ್ತುಶಿಲ್ಪಿಯೂ ಕಟ್ಟಲಾರದ ಆವರಣವಿದು. ಕೊರತೆಯಿರುವುದು ಕಾಲಿನ ಆ ಸರಪಳಿಯಲ್ಲಿ. ಕಾಡಾನೆಗಳಿಗೆ ರೇಡಿಯೊ ಕಾಲರ್ ತೊಡಿಸಿ ಜಾಡು ಹಿಡಿಯುವ ಅನುಭವ ಅರಣ್ಯ ಇಲಾಖೆಗೆ ಈಗಾಗಲೇ ಇದೆ. ಅದೇ ಕಾಲರನ್ನು ಶಿಬಿರದ ಆನೆಗಳಿಗೂ ತೊಡಿಸಿ, ಸರಪಳಿಯನ್ನು ಹಂತಹಂತವಾಗಿ ಬಿಚ್ಚುವ ಕೆಲಸ ಇನ್ನಾದರೂ ಶುರುವಾಗಬೇಕು.