ಎರಡು ಸಲ ಹೇಳಿದ ಒಂದು ಬದುಕು

ಮಗ ತೀರಿಕೊಂಡ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂದು ಗೊತ್ತಿಲ್ಲದ ತಂದೆಯ ಸಂಕಟ ಎಂಥದ್ದಿರಬಹುದು? 2014ರ ನವೆಂಬರ್‌ನಲ್ಲಿ ನಾರ್ವೆಯ ರಾಬರ್ಟ್ ಸ್ಟೀನ್ ಅಂಥ ಸ್ಥಿತಿಯಲ್ಲಿದ್ದರು. ಮಗ ಮಾಟ್ಸ್‌ಗೆ ಆಗ 25 ವರ್ಷ. ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ, ಹೆಚ್ಚಾಗಿ ಗಂಡುಮಕ್ಕಳಿಗೇ ಬರುವ ಡುಶೆನ್ ಎಂಬ ಕಾಯಿಲೆ ಹುಟ್ಟಿನಿಂದಲೇ ಅವನ ಬೆನ್ನು ಹತ್ತಿತ್ತು. ಗಾಲಿಕುರ್ಚಿಯಲ್ಲಿ ಕೂತು, ಕಂಪ್ಯೂಟರಿನೆದುರು ಆಡುತ್ತಾ ಕೊನೆಯ ವರ್ಷಗಳನ್ನು ಕಳೆದಿದ್ದ. ಗೆಳೆತನ, ಪ್ರೀತಿ ಯಾವುದನ್ನೂ ಕಾಣದೆ ಮಗ ಹೋಗಿಬಿಟ್ಟನಲ್ಲ ಎಂಬುದೇ ತಂದೆ ತಾಯಿಯ ದುಃಖವಾಗಿತ್ತು. ಅವನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಒಂದು ಬ್ಲಾಗ್ ಇತ್ತು. ಅದರ ಪಾಸ್‌ವರ್ಡ್ ಅವರ ಕೈಗೆ ಸಿಕ್ಕಿತ್ತು. ತಂದೆ ಅಲ್ಲಿ ಸಾವಿನ ಸುದ್ದಿ ಬರೆದರು.

ಆಮೇಲೆ ಪತ್ರಗಳು ಬರತೊಡಗಿದವು. ಬೇರೆ ಬೇರೆ ದೇಶಗಳಿಂದ, ಕಂಡು ಕೇಳರಿಯದವರಿಂದ. ಬರೆದವರೆಲ್ಲ ಅವರ ಮಗನನ್ನು ಬೇರೊಂದು ಹೆಸರಿನಿಂದ ಬಲ್ಲವರು: ಇಬೆಲಿನ್.

ಬೆಂಜಮಿನ್ ರೀ ನಿರ್ದೇಶಿಸಿದ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಸಾಕ್ಷ್ಯಚಿತ್ರದ ವಸ್ತು ಇದು. 2024ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಅದೇ ವರ್ಷ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ನಾನದನ್ನು ನೋಡಿದ್ದು ತಡವಾಗಿ, ಅದೂ ನಮ್ಮ ಆಪಾ ಕಾರಣದಿಂದ. ಆಕೆಯ ಮಗ ಪಿಯುಸಿ ಓದುತ್ತಿದ್ದಾನೆ. ರಾತ್ರಿ ಎರಡರವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡುತ್ತಾನೆ. ಯಾವ ಆಟಕ್ಕೆ ಏನು ಹೊಸದಾಗಿ ಬಂತು, ಯಾವ ತಂಡ ಯಾರನ್ನು ಸೋಲಿಸಿತು ಎಂಬ ಸುದ್ದಿಯೆಲ್ಲ ಅವನಿಗೆ ಬಾಯಿಪಾಠ. "ಹುಡುಗ ಕೈತಪ್ಪಿ ಹೋದ. ಕತೆ ಬರೀತೀಯಲ್ಲ, ನೀನಾದರೂ ಬುದ್ಧಿ ಹೇಳು" ಎಂದು ಆಪಾ ಫೋನಿನಲ್ಲಿ ಅತ್ತಳು. ಕತೆ ಬರೆಯುವವನಿಗೆ ಬುದ್ಧಿ ಹೇಳಲು ಬರುತ್ತದೆಂದು ಆಕೆಗೆ ಯಾರು ಹೇಳಿದರೋ! ನಾನು ಬುದ್ಧಿ ಹೇಳಲಿಲ್ಲ, ಮೂವರೂ ಕೂತು ಈ ಚಿತ್ರ ನೋಡೋಣವೆಂದೆ.

ಚಿತ್ರದ ಕಟ್ಟೋಣ ಸರಳ, ಆದರೆ ನಿರ್ದಯ. ಮೊದಲು ನಮಗೆ ಕಾಣುವುದು ಮನೆಯವರು ಕಂಡ ಮಾಟ್ಸ್: ಮನೆಯ ವಿಡಿಯೊಗಳಲ್ಲಿ ಓಡಾಡುವ ಮಗು, ಬೀಳುವ ಮಗು, ಗಾಲಿಕುರ್ಚಿ, ಕೊನೆಗೆ ಪರದೆಯ ಬೆಳಕಿಗೆ ಎದುರಾಗಿ ಕೂತವನ ಬೆನ್ನು, ಆಮೇಲೆ ಅಂತ್ಯಸಂಸ್ಕಾರ. ಕತೆ ಮುಗಿಯಿತು ಎನ್ನುವಷ್ಟರಲ್ಲಿ ಚಿತ್ರ ಹಿಂದಕ್ಕೆ ಸರಿದು ಅದೇ ವರ್ಷಗಳನ್ನು ಮತ್ತೆ ಹೇಳುತ್ತದೆ, ಈ ಬಾರಿ ಪರದೆಯ ಆಚೆಯಿಂದ. ಮೊದಲ ಭಾಗದಲ್ಲಿ ನಾವೂ ತಂದೆ ತಾಯಿಯ ಜೊತೆ ಸೇರಿ "ಅಯ್ಯೋ ಪಾಪ" ಎಂದಿರುತ್ತೇವೆ. ಎರಡನೆಯ ಭಾಗ ಆ ಮರುಕವನ್ನು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ.

2004ರಲ್ಲಿ ಬ್ಲಿಝಾರ್ಡ್ ಕಂಪನಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಸಾವಿರಾರು ಜನ ಏಕಕಾಲಕ್ಕೆ ಒಂದೇ ಲೋಕದಲ್ಲಿ ಸಂಚರಿಸುವ ಆಟ. ಕೊನೆಯ ಹತ್ತು ವರ್ಷಗಳಲ್ಲಿ ಮಾಟ್ಸ್ ಅಲ್ಲಿ ಕಳೆದದ್ದು 15ರಿಂದ 20 ಸಾವಿರ ಗಂಟೆ ಎಂಬ ಅಂದಾಜಿದೆ. 'ಸ್ಟಾರ್‌ಲೈಟ್' ಎಂಬ ಆಟಗಾರರ ಕೂಟದಲ್ಲಿ ಅವನು ಇಬೆಲಿನ್, ಹೆಗಲಗಲದ ಪತ್ತೇದಾರ. ಆಟಕ್ಕಿಳಿದೊಡನೆ ಆ ಲೋಕದ ಕಾಡುದಾರಿಗಳಲ್ಲಿ ಓಡುವುದು ಅವನ ರೂಢಿ. ಅವನು ಯಾಕೆ ಓಡುತ್ತಾನೆಂದು ಜೊತೆಗಾರರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತು.

ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಇದು ತೀರಾ ಅಪರಿಚಿತ ಲೋಕವಲ್ಲ. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಸಂಪುಟ ಸಂಪುಟವಾಗಿ ಹೊರತಂದ 'ತಿಲಿಸ್ಮ್-ಎ-ಹೋಶ್‌ರುಬಾ' ದಾಸ್ತಾನಿನಲ್ಲಿಯೂ ಮಾಂತ್ರಿಕರು ಕಟ್ಟಿದ ಲೋಕವಿದೆ, ಗಳಿಗೆಗೊಂದು ವೇಷ ಹಾಕುವ ಅಯ್ಯಾರರಿದ್ದಾರೆ. ವ್ಯತ್ಯಾಸ ಇಷ್ಟೇ: ದಾಸ್ತಾನಿಗೆ ಒಬ್ಬ ಹೇಳುಗ, ಉಳಿದವರು ಕೇಳುಗರು. ಇಲ್ಲಿ ಕೇಳುವವನೇ ಒಳಹೊಕ್ಕು ವೇಷ ಹಾಕುತ್ತಾನೆ.

ನನ್ನನ್ನು ಬಹಳ ಕಾಡಿದ್ದು ಒಂದು ಪತ್ರ. ಆಟದಲ್ಲಿ 'ರೂಮರ್' ಎಂಬ ಹೆಸರಿದ್ದ ನೆದರ್ಲೆಂಡ್ಸ್‌ನ ಹುಡುಗಿಯ ಓದು ಹಾಳಾಗುತ್ತಿದೆಯೆಂದು ಮನೆಯವರು ಕಂಪ್ಯೂಟರ್ ಕಿತ್ತುಕೊಳ್ಳುತ್ತಾರೆ. ಆಗ ಮಾಟ್ಸ್ ಆ ತಂದೆ ತಾಯಿಗೆ ಪತ್ರ ಬರೆಯುತ್ತಾನೆ, ಈ ಆಟ ನಿಮ್ಮ ಮಗಳಿಗೆ ಏನೆಂದು ವಿವರಿಸುತ್ತಾನೆ. ಪರರ ತಂದೆ ತಾಯಿಗೆ ಹೇಳಲಾದ ಮಾತು ಒಂದೇ ಸೂರಿನ ಕೆಳಗಿದ್ದ ತನ್ನವರಿಗೆ ದಾಟಲಿಲ್ಲ. 'ರೈಕೆ' ಎಂಬ ಹೆಸರಿನಲ್ಲಿ ಆಡುತ್ತಿದ್ದ ಡೆನ್ಮಾರ್ಕಿನ ತಾಯಿಗೂ ಆಟಿಸಂ ಇರುವ ಆಕೆಯ ಮಗನಿಗೂ ನಡುವೆ ಅಪ್ಪುಗೆಯೊಂದು ಸಾಧ್ಯವಾದದ್ದೂ ಇವನ ಸಲಹೆಯಿಂದ, ಆಟದ ಒಳಗೇ.

ಹಾಗೆಂದು ಚಿತ್ರ ಅವನನ್ನು ಸಂತನಾಗಿ ಮಾಡಿಲ್ಲ. ಕಾಯಿಲೆಯನ್ನು ಬಹುಕಾಲ ಮುಚ್ಚಿಟ್ಟವನು, ಹತ್ತಿರ ಬಂದವರ ಮೇಲೆ ಹರಿಹಾಯ್ದವನು ಕೂಡ ಇಲ್ಲಿದ್ದಾನೆ. ನನಗೆ ಮಾಟ್ಸ್ ನಿಜವಾದ ಮನುಷ್ಯನಾಗಿ ಕಂಡದ್ದು ಈ ಭಾಗದಲ್ಲೇ.

ಚಿತ್ರದ ಸೊಬಗಿನ ಬಗ್ಗೆ ಮಾತ್ರ ನನಗೊಂದು ತಕರಾರಿದೆ. ಆಟದ ದೃಶ್ಯಗಳನ್ನು ಅನಿಮೇಶನ್‌ನಲ್ಲಿ ಹೊಸದಾಗಿ ಕಟ್ಟಿದ್ದಾರೆ. ಮುಖದ ಮೇಲೆ ಭಾವ ಸುಳಿಯುತ್ತದೆ, ನಟರ ದನಿ ಕೇಳುತ್ತದೆ. "ಮಾಮೂ, ಆಟದಲ್ಲಿ ಹೀಗೆಲ್ಲಾ ಕಾಣೋದಿಲ್ಲ" ಎಂದು ಹುಡುಗ ಅಲ್ಲಿಯೇ ಆಕ್ಷೇಪಿಸಿದ. ಅವನ ಮಾತು ಸರಿ. ಒರಟು ಬೊಂಬೆಗಳ ನಡುವೆ ಇವರು ವಿನಿಮಯ ಮಾಡಿಕೊಂಡದ್ದು ಟೈಪು ಮಾಡಿದ ಬರೀ ಅಕ್ಷರಗಳನ್ನು. ಅಷ್ಟರಲ್ಲೇ ಪ್ರೀತಿ ಹುಟ್ಟಿತು ಎಂಬುದು ಅಚ್ಚರಿಯ ಸಂಗತಿ. ಅದನ್ನು ಸಿನಿಮಾದಂತೆ ನಯಗೊಳಿಸಿದಾಗ ಅಚ್ಚರಿ ಕಡಿಮೆಯಾಗುತ್ತದೆ.

ಆ ಅಕ್ಷರಗಳು ಉಳಿದದ್ದು ಕೂಟದವರ ಶ್ರದ್ಧೆಯಿಂದ. ಅವರು ಕಾಪಿಟ್ಟಿದ್ದ ಸಂಭಾಷಣೆ ಸುಮಾರು 42,000 ಪುಟಗಳಷ್ಟಿತ್ತು. ಅದಿಲ್ಲದೆ ಈ ಚಿತ್ರವಿಲ್ಲ. ಮಾಟ್ಸ್ ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ, 2014ರ ಸೆಪ್ಟೆಂಬರ್ 30ರಂದು, ನಮ್ಮ ದೇಶದಲ್ಲಿ ಅಷ್ಟೊಂದು ಬಳಕೆಯಲ್ಲಿದ್ದ ಆರ್ಕುಟ್ ಮುಚ್ಚಿತ್ತು. ಬಾಡಿಗೆ ಮನೆ ಬದಲಾಯಿಸಿದಂತೆ ಎಲ್ಲರೂ ಮುಂದಿನ ತಾಣಕ್ಕೆ ಹೊರಟರು. ಹಳೆಯ ಮಾತುಗಳನ್ನು ಗಂಟು ಕಟ್ಟಿಕೊಂಡು ಹೋದವರು ಎಷ್ಟು ಮಂದಿ?

ನನ್ನ ದೊಡ್ಡ ಭಿನ್ನಾಭಿಪ್ರಾಯ ಬೇರೆ. ಈ ಚಿತ್ರ ಆಟವನ್ನು ಸಮರ್ಥಿಸುವುದು ಸಾಕ್ಷಿಗಳ ಮೂಲಕ: ಇವನು ಇಂಥವರಿಗೆ ನೆರವಾದ, ಆದ್ದರಿಂದ ಅವನ ಗಂಟೆಗಳು ವ್ಯರ್ಥವಲ್ಲ. ಸರಿ, ಯಾರಿಗೂ ನೆರವಾಗದೆ ಸುಮ್ಮನೆ ಆಡಿ ಖುಷಿಪಟ್ಟಿದ್ದರೆ? ಆಗ ಅವನು ಮೊದಲ ಭಾಗದ "ಪಾಪದ ಹುಡುಗ"ನಾಗಿಯೇ ಉಳಿಯಬೇಕಿತ್ತೆ? ಓಡಲಾರದವನು ಓಡಿದ ಸುಖಕ್ಕೆ ಬೇರೆಯವರ ಪ್ರಮಾಣಪತ್ರ ಯಾಕೆ ಬೇಕು? ಅಂಗವಿಕಲನ ಬದುಕು ಇತರರಿಗೆ ಉಪಯೋಗವಾದಾಗಲೇ ಅರ್ಥಪೂರ್ಣ ಎಂಬ ಹಳೆಯ ಲೆಕ್ಕವನ್ನು ಇಷ್ಟು ಸೂಕ್ಷ್ಮವಾದ ಚಿತ್ರವೂ ಪೂರ್ತಿ ದಾಟಿಲ್ಲ.

ನಮ್ಮ ಪತ್ರಿಕೆಗಳ ಲೆಕ್ಕವಂತೂ ಇನ್ನೂ ಒರಟು. ಅಲ್ಲಿ ಆನ್‌ಲೈನ್ ಆಟವೆಂದರೆ ಸಾಲ, ಸಾವು, ಇಲ್ಲವೇ ನಿಷೇಧದ ಸುದ್ದಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ಸಂಭ್ರಮಿಸಿದ ತಾಯಂದಿರನ್ನು ನಾನು ಕಂಡಿದ್ದೇನೆ, ಆಪಾ ಅವರಲ್ಲೊಬ್ಬಳು. ಹಣ ಕಟ್ಟುವ ಆಟಗಳು ಮನೆಗಳನ್ನು ಹಾಳು ಮಾಡಿದ್ದು ಸುಳ್ಳಲ್ಲ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯಿದೆ ಕೂಡ ಹಣದ ಆಟವನ್ನೂ ಇ-ಸ್ಪೋರ್ಟ್ಸನ್ನೂ ಬೇರೆ ಬೇರೆ ಎಂದು ಗುರುತಿಸಿತು. ನಮ್ಮ ಬರಹಗಾರರಿಗೆ ಇನ್ನೂ ಎಲ್ಲವೂ ಒಂದೇ ಜೂಜಿನ ಕಟ್ಟೆ.

ಚಿತ್ರ ಮುಗಿದ ಮೇಲೆ ಆಪಾ ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಬಂದು ಮಗನನ್ನು ಕೇಳಿದಳು: "ಆ ಆಟದಲ್ಲಿ ನಿನ್ನ ಹೆಸರೇನೋ?" ಇದನ್ನು ನಾನೇ ಹೇಳಿಕೊಟ್ಟಿದ್ದೇನೆಂದು ಹುಡುಗ ನನ್ನತ್ತ ಅನುಮಾನದಿಂದ ನೋಡಿದ. ಆಮೇಲೆ ಹೇಳಿದ. ಆಪಾಗೆ ಅದನ್ನು ಉಚ್ಚರಿಸಲು ಬರಲಿಲ್ಲ. ಇನ್ನೊಮ್ಮೆ ಹೇಳು ಎಂದಳು.